ಮಗುವಿನ ತೂಕ ಗೊತ್ತು, ತ್ರಾಣ ಗೊತ್ತೇ?

ಮಗನ ಎತ್ತರ ಎಷ್ಟು, ತೂಕ ಎಷ್ಟು ಎಂದು ಕೇಳಿದರೆ ನೀವು ಥಟ್ಟನೆ ಹೇಳುತ್ತೀರಿ. ಗಣಿತದಲ್ಲಿ ಎಷ್ಟು ಅಂಕ ಬಂತೆಂಬುದೂ ಬಾಯಿಪಾಠ. ಆದರೆ ಅವನು ನಿಲ್ಲದೆ ಎಷ್ಟು ದೂರ ಓಡಬಲ್ಲ? ಮೂರನೇ ಮಹಡಿ ಹತ್ತಿದ ಮಗಳು ಎಷ್ಟು ಹೊತ್ತು ಏದುಸಿರು ಬಿಡುತ್ತಾಳೆ? ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಉತ್ತರವಿಲ್ಲ. ಮಗು ಸಣಕಲಾಗಿದ್ದರೆ ‘ಬೊಜ್ಜಿಲ್ಲವಲ್ಲ, ಅಷ್ಟು ಸಾಕು’ ಎಂದು ನಿಶ್ಚಿಂತರಾಗಿ ಬಿಡುತ್ತೇವೆ. ತೂಕ ಸರಿಯಿದ್ದೂ ತ್ರಾಣವಿಲ್ಲದ ಮಕ್ಕಳಿದ್ದಾರೆ. ತುಸು ದಪ್ಪಗಿದ್ದೂ ಸಲೀಸಾಗಿ ಓಡುವ ಮಕ್ಕಳೂ ಇದ್ದಾರೆ. ತಕ್ಕಡಿ ಇದನ್ನು ಹೇಳುವುದಿಲ್ಲ.

ಶ್ವಾಸಕೋಶ ಒಳಗೆಳೆದುಕೊಂಡ ಆಮ್ಲಜನಕವನ್ನು ರಕ್ತ ಹೊರುತ್ತದೆ, ಹೃದಯ ಅದನ್ನು ನೂಕುತ್ತದೆ, ಕಾಲಿನ ಸ್ನಾಯುಗಳು ಬಳಸಿಕೊಳ್ಳುತ್ತವೆ. ಈ ಸರಪಳಿಯ ಶಕ್ತಿಯೇ ತ್ರಾಣ. ನಿಯಮಿತವಾಗಿ ಓಡಿ ಆಡುವ ಮಗುವಿನ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ನೂಕುವಂತಾಗುತ್ತದೆ, ಸ್ನಾಯುಗಳು ಆಮ್ಲಜನಕವನ್ನು ಚೆನ್ನಾಗಿ ಬಳಸಲು ಕಲಿಯುತ್ತವೆ.

ಇದನ್ನು ಅಳೆಯುವುದು ಹೇಗೆ? ಪ್ರಯೋಗಾಲಯದಲ್ಲಾದರೆ ಮುಖಕ್ಕೆ ಮಾಸ್ಕ್ ಹಾಕಿ ಟ್ರೆಡ್‌ಮಿಲ್ ಮೇಲೆ ಓಡಿಸಿ, ದೇಹ ಬಳಸುವ ಆಮ್ಲಜನಕವನ್ನು ಲೆಕ್ಕ ಹಾಕುತ್ತಾರೆ. ಶಾಲೆಗೆ ಅದು ಆಗದ ಮಾತು. 1980ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್‌ನ ಲ್ಯೂಕ್ ಲೆಜೆ ಎಂಬ ಸಂಶೋಧಕರು ಇದಕ್ಕೊಂದು ಸುಲಭ ದಾರಿ ಹುಡುಕಿದರು. 20 ಮೀಟರ್ ಅಂತರದಲ್ಲಿ ಎರಡು ಗೆರೆ ಎಳೆದು, ಧ್ವನಿಮುದ್ರಿತ ‘ಬೀಪ್’ ಸದ್ದಿಗೆ ಸರಿಯಾಗಿ ಮಕ್ಕಳು ಆ ಗೆರೆಯಿಂದ ಈ ಗೆರೆಗೆ ಓಡುತ್ತಿರಬೇಕು. ವೇಗ ಗಂಟೆಗೆ 8.5 ಕಿಲೋಮೀಟರಿನಿಂದ ಶುರುವಾಗಿ ನಿಮಿಷಕ್ಕೊಮ್ಮೆ ಅರ್ಧ ಕಿಲೋಮೀಟರಿನಷ್ಟು ಏರುತ್ತದೆ. ಸದ್ದಿನ ಹಿಂದೆ ಬಿದ್ದ ಮಗು ಅಲ್ಲಿಗೆ ನಿಲ್ಲಿಸಬಹುದು. ಒಂದು ಅಂಗಳ, ಸುಣ್ಣ, ಒಂದು ಸ್ಪೀಕರ್ ಇದ್ದರೆ ಸಾಕು. 50 ದೇಶಗಳ 11 ಲಕ್ಷಕ್ಕೂ ಹೆಚ್ಚು ಮಕ್ಕಳ ಫಲಿತಾಂಶವನ್ನು ಸಂಶೋಧಕರು ಒಟ್ಟುಗೂಡಿಸಿ ನೋಡಿದಾಗ ಮೊದಲ ಸ್ಥಾನದಲ್ಲಿ ನಿಂತದ್ದು ಯಾವ ಶ್ರೀಮಂತ ದೇಶವೂ ಅಲ್ಲ, ಆಫ್ರಿಕಾದ ತಾಂಝಾನಿಯಾ. ಅಮೆರಿಕ ಪಟ್ಟಿಯ ತಳದ ಹತ್ತಿರದಲ್ಲಿತ್ತು. ದುಬಾರಿ ಶೂಗೂ ತ್ರಾಣಕ್ಕೂ ನಂಟಿಲ್ಲ ಎಂದಾಯಿತು.

ನಮ್ಮ ದೇಶದ ಶಾಲೆಗಳಿಗಾಗಿ ರೂಪಿಸಿರುವ ಖೇಲೋ ಇಂಡಿಯಾ ಪರೀಕ್ಷೆಯಲ್ಲಿ 9ರಿಂದ 18 ವರ್ಷದವರಿಗೆ 600 ಮೀಟರ್ ಓಟವಿದೆ, ಓಡಲಾಗದಿದ್ದರೆ ನಡೆಯಬಹುದು. ನಿಮ್ಮ ಮಗುವಿನ ಶಾಲೆಯಲ್ಲಿ ಇದನ್ನು ಮಾಡಿಸಿದ್ದಾರೆಯೇ, ಫಲಿತಾಂಶವೇನು ಎಂದು ಪೋಷಕರ ಸಭೆಯಲ್ಲಿ ಕೇಳಿ. ಆ ಸಭೆಗಳಲ್ಲಿ ಅಂಕಗಳ ಮಾತು ಬಿಟ್ಟರೆ ಬೇರೆ ಮಾತೇ ಬರುವುದಿಲ್ಲ.

ಮನೆಯಲ್ಲೂ ಅಳೆಯಬಹುದು. ಮನೆಯಿಂದ ಮಸೀದಿಯವರೆಗೆ ಹೋಗಿ ಬರುವ ದಾರಿ ಅಥವಾ ಮೈದಾನದ ಮೂರು ಸುತ್ತು, ಹೀಗೆ ವಾಹನಗಳ ಕಾಟವಿಲ್ಲದ ಒಂದು ದೂರ ಗೊತ್ತು ಮಾಡಿ. ಮಗು ಓಡಲಿ, ನೀವು ಮೊಬೈಲಿನಲ್ಲಿ ಸಮಯ ನೋಡಿ. ಮುಗಿದ ಕೂಡಲೇ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ, ಎರಡು ನಿಮಿಷ ಬಿಟ್ಟು ಮತ್ತೊಮ್ಮೆ ಎಣಿಸಿ. ಶಾಲೆಗೆ ಹೋಗುವ ವಯಸ್ಸಿನ ಮಗು ಸುಮ್ಮನೆ ಕುಳಿತಿದ್ದಾಗ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 70ರಿಂದ 100ರ ನಡುವೆ ಇರುತ್ತದೆ. ಜೋರಾಗಿ ಓಡಿದಾಗ 200ರ ಹತ್ತಿರ ಹೋದರೂ ಗಾಬರಿ ಬೇಡ. ಎಂಟು ವಾರ ಬಿಟ್ಟು ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಮತ್ತೆ ಅಳೆಯಿರಿ. ಓಡಲು ಹಿಡಿದ ಸಮಯ ಕಡಿಮೆಯಾಗಿದ್ದರೆ, ನಾಡಿ ಬೇಗ ಇಳಿದರೆ ತ್ರಾಣ ಹೆಚ್ಚಿದೆ. ಪಕ್ಕದ ಮನೆಯ ಹುಡುಗನ ಜೊತೆ ಹೋಲಿಸಬೇಡಿ. ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬ ಗಡ್ಡ ಚಿಗುರುವ ಹಂತದಲ್ಲಿರುತ್ತಾನೆ, ಇನ್ನೊಬ್ಬ ಇನ್ನೂ ಮಗುವೇ ಆಗಿರುತ್ತಾನೆ.

ಹೆಚ್ಚಿಸಿಕೊಳ್ಳುವ ವಿಚಾರದಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ನಗರದ ಸೇಂಟ್ ನಿನಿಯನ್ಸ್ ಪ್ರಾಥಮಿಕ ಶಾಲೆಯ ಅನುಭವ ಕೇಳುವಂತಿದೆ. 2012ರಲ್ಲಿ ಅಲ್ಲಿನ ಮುಖ್ಯೋಪಾಧ್ಯಾಯಿನಿ ಎಲೈನ್ ವೈಲಿ ಒಂದು ತರಗತಿಯನ್ನು ಮೈದಾನದಲ್ಲಿ ಓಡಿಸಿ ನೋಡಿದರು. ಹೆಚ್ಚಿನ ಮಕ್ಕಳು ಒಂದು ಸುತ್ತಿಗೇ ಸುಸ್ತಾದರು. ಅಂದಿನಿಂದ ದಿನಕ್ಕೆ 15 ನಿಮಿಷ ತರಗತಿಯಿಂದ ಹೊರಗೆ ಓಟ ಅಥವಾ ನಡಿಗೆ ಶುರುವಾಯಿತು. ಸಮವಸ್ತ್ರ ಬದಲಿಸುವುದಿಲ್ಲ, ಸ್ಪರ್ಧೆಯಿಲ್ಲ, ಬಹುಮಾನವಿಲ್ಲ. ಮುಂದೆ ಸಂಶೋಧಕರು ಇಂಥ ಓಟವಿರುವ ಶಾಲೆಯನ್ನು ಇಲ್ಲದ ಇನ್ನೊಂದು ಶಾಲೆಯ ಜೊತೆ ಹೋಲಿಸಿದರು. ಮೇಲೆ ಹೇಳಿದ ಬೀಪ್ ಓಟದಲ್ಲಿ ಓಡುವ ಶಾಲೆಯ ಮಕ್ಕಳ ಸುಧಾರಣೆ ಸುಮಾರು 39 ಮೀಟರ್ ಹೆಚ್ಚಿತ್ತು. ಎರಡೇ ಶಾಲೆಗಳ ಹೋಲಿಕೆ, ಪವಾಡವೆಂದು ಸಾರಬೇಕಿಲ್ಲ. ಆದರೆ ಬಟ್ಟೆ ಬದಲಿಸದೆ, ಖರ್ಚಿಲ್ಲದೆ ಮಾಡಬಹುದಾದ ಕೆಲಸ ಎಂಬುದನ್ನು ಗಮನಿಸಿ. ಸ್ಕಾರ್ಫ್ ಧರಿಸಿದ ನಮ್ಮ ಹುಡುಗಿಯರಿಗೂ ಇದರಲ್ಲಿ ಯಾವ ಅಡ್ಡಿಯೂ ಇಲ್ಲ.

ಹುಡುಗಿಯರ ಮಾತು ಬಂತು. ಹನ್ನೊಂದು ಹನ್ನೆರಡು ವರ್ಷ ತುಂಬುತ್ತಲೇ ‘ಇನ್ನು ಓಡಬೇಡ, ದೊಡ್ಡವಳಾದೆ’ ಎನ್ನುತ್ತೇವೆ. ಅಣ್ಣ ಮೈದಾನಕ್ಕೆ, ತಂಗಿ ಒಳಗೆ. ಪ್ರವಾದಿ(ಸ)ಯವರು ಪತ್ನಿ ಹಝ್ರತ್ ಆಯಿಶಾ(ರ)ರ ಜೊತೆ ಓಟದ ಪಂದ್ಯ ನಡೆಸಿದ್ದು ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಮೊದಲ ಸಲ ಗೆದ್ದದ್ದು ಆಯಿಶಾ(ರ). ಮದುವೆಯಾದ ಮಹಿಳೆಗೆ ಒಪ್ಪುವ ಓಟ ಆರನೇ ತರಗತಿಯ ಹುಡುಗಿಗೆ ಹೇಗೆ ಒಪ್ಪದಾಯಿತು? ಮೈದಾನಕ್ಕೆ ಕಳಿಸಲು ಮನಸ್ಸಿಲ್ಲದಿದ್ದರೆ ತಾರಸಿಯಿದೆ, ಅಂಗಳವಿದೆ, ಹಗ್ಗದಾಟವಿದೆ. ಕುಂಟೆಬಿಲ್ಲೆಯೂ ಕಾಲು ಸೋಲಿಸುವ ಆಟವೇ. ತಾಯಿಯೂ ಜೊತೆಗೂಡಿದರೆ ಇಬ್ಬರಿಗೂ ಲಾಭ.

ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕೆನ್ನುತ್ತದೆ. ವಾರದಲ್ಲಿ ಮೂರು ದಿನವಾದರೂ ಉಸಿರು ಬಿಗಿಯುವಷ್ಟು ಜೋರಾಗಿರಬೇಕು. ನಮಾಝ್‌ನಲ್ಲಿ ಮೈ ಬಾಗುತ್ತದೆ, ಕೀಲುಗಳು ಆಡುತ್ತವೆ, ನಿಜ. ಆದರೆ ಅದು ಆರಾಧನೆ. ಹೃದಯವನ್ನು ದಣಿಸುವ ವ್ಯಾಯಾಮದ ಜಾಗಕ್ಕೆ ಅದನ್ನು ತಂದು ನಿಲ್ಲಿಸುವುದು ಸರಿಯಲ್ಲ. ಬೆಳಗ್ಗೆ ಮದ್ರಸ, ಹಗಲು ಶಾಲೆ, ಸಂಜೆ ಟ್ಯೂಷನ್ ಆದರೆ ಆ ಅರವತ್ತು ನಿಮಿಷ ಎಲ್ಲಿಂದ ಬರಬೇಕು? ಅಸರ್ ಮತ್ತು ಮಗ್ರಿಬ್ ನಡುವಿನ ಹೊತ್ತನ್ನು ಮಕ್ಕಳಿಗೆ ಬಿಟ್ಟುಕೊಡಿ. ಟ್ಯೂಷನ್ ಮಗ್ರಿಬ್ ನಂತರ ಇರಲಿ. ಹತ್ತಿರದ ಮದ್ರಸಕ್ಕೆ ಬೈಕಿನಲ್ಲಿ ಬಿಡುವ ಬದಲು ನಾಲ್ಕು ಮಕ್ಕಳನ್ನು ಒಟ್ಟಿಗೆ ನಡೆಸಿ ಕಳಿಸಬಹುದು. ರಮಝಾನ್‌ನಲ್ಲಿ ಉಪವಾಸ ಹಿಡಿಯುವ ಮಕ್ಕಳ ಓಟ ಇಫ್ತಾರ್ ಆದ ಮೇಲಕ್ಕೆ ಹೋಗಲಿ.

ಎಷ್ಟು ಆಡಿಸಿದರೂ ಮಗಳಿಗೆ ಬೇಗ ಸುಸ್ತಾಗುತ್ತಿದ್ದರೆ ಅವಳನ್ನು ಸೋಮಾರಿ ಎನ್ನುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆಯಿದೆ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನೇ ಕಡಿಮೆಯಾದರೆ ಹೃದಯ ಎಷ್ಟು ಬಡಿದುಕೊಂಡರೂ ಸಾಲದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಕಬ್ಬಿಣಾಂಶದ್ದು. ಅದರ ಬಗ್ಗೆ ಹಬ್ಬುವ ಗಾಳಿಮಾತಿಗೆ ಕಿವಿಗೊಟ್ಟು ಎಸೆಯಲು ಹೇಳಬೇಡಿ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರಬಹುದು, ಮಲ ಕಪ್ಪಾಗಬಹುದು, ಅಷ್ಟೇ. ಊಟವಾದ ಮೇಲೆ ನುಂಗಲಿ. ಆರು ತಿಂಗಳಿಗೊಮ್ಮೆ ಕೊಡುವ ಹುಳದ ಮಾತ್ರೆಯನ್ನೂ ತಪ್ಪಿಸಬೇಡಿ. ಮನೆಯಲ್ಲಿ ಕಲೇಜಿ, ಮಾಂಸ, ಸೊಪ್ಪು, ಹುರುಳಿ ಮಾಡಿದ ದಿನ ಊಟದ ಬೆನ್ನಿಗೇ ಚಹಾ ಕುಡಿಯಬಾರದು. ಕಬ್ಬಿಣಾಂಶ ಮೈಗೆ ಹತ್ತುವುದನ್ನು ಚಹಾ ತಡೆಯುತ್ತದೆ. ನಿಂಬೆ ಹಿಂಡಿಕೊಂಡರೆ ಒಳ್ಳೆಯದು.

ಓಡುವಾಗ ಎದೆನೋವು, ತಲೆಸುತ್ತಿ ಬೀಳುವುದು, ತುಟಿ ನೀಲಿಗಟ್ಟುವುದು ಕಂಡರೆ ಅಲ್ಲಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಅವರು ಸರಿ ಎನ್ನುವವರೆಗೆ ಯಾವ ಪರೀಕ್ಷೆಯೂ ಬೇಡ. ಕುಟುಂಬದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಗಂಟಲುನೋವು ಬಂದು ಹೋದ ಎರಡು ಮೂರು ವಾರಗಳಲ್ಲಿ ಮೊಣಕಾಲು, ಪಾದದ ಕೀಲುಗಳು ಒಂದಾದ ಮೇಲೊಂದು ಊದಿ ನೋಯತೊಡಗಿದರೆ ‘ಬೆಳೆಯುವ ನೋವು’ ಎಂದು ಎಣ್ಣೆ ಹಚ್ಚಿ ಕೂರಬೇಡಿ. ಅದು ಹೃದಯದ ಕವಾಟಗಳನ್ನು ಕೆಡಿಸುವ ರುಮ್ಯಾಟಿಕ್ ಜ್ವರವಿರಬಹುದು. ಬೇಗ ಗುರುತಿಸಿದರೆ ಪೆನಿಸಿಲಿನ್ ಚುಚ್ಚುಮದ್ದನ್ನು ಕ್ರಮವಾಗಿ ಕೊಟ್ಟು ಜ್ವರ ಮರುಕಳಿಸದಂತೆ ತಡೆಯುತ್ತಾರೆ. ಇನ್ನು ಅಸ್ತಮಾ ಇರುವ ಮಗುವನ್ನು ಆಟದಿಂದ ದೂರವಿಡುವ ಅಗತ್ಯವಿಲ್ಲ. ವೈದ್ಯರು ಹೇಳಿದಂತೆ ಇನ್‌ಹೇಲರ್ ಬಳಸಿ, ನಿಧಾನವಾಗಿ ಮೈ ಬಿಸಿ ಮಾಡಿಕೊಂಡು ಅವನೂ ಓಡಬಹುದು. ಇನ್‌ಹೇಲರ್ ಚಟವಾಗುತ್ತದೆ ಎಂಬುದು ಸುಳ್ಳು. ಅದು ಶಾಲೆಯ ಚೀಲದಲ್ಲಿದೆಯೇ ಎಂದು ಬೆಳಗ್ಗೆ ನೋಡಿ ಕಳಿಸಿ, ದೈಹಿಕ ಶಿಕ್ಷಣ ಶಿಕ್ಷಕರಿಗೂ ತಿಳಿಸಿಡಿ.