ಡೇಟಾಬೇಸಿನ ಗೂಢಲಿಪಿ: ಕೀಲಿ ಎಲ್ಲಿರಬೇಕು?

ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ‘ಭೂಮಿ’ ಯೋಜನೆಯಡಿ ಕಂಪ್ಯೂಟರಿಗೆ ಸೇರಿ ಎರಡು ದಶಕ ದಾಟಿದೆ. ಮದ್ದೂರು ತಾಲ್ಲೂಕಿನ ವೈದ್ಯನಾಥಪುರದ ಯಾವುದೋ ಸರ್ವೆ ನಂಬರಿನ ಜಮೀನು ಯಾರದೆಂದು ಯಾರು ಬೇಕಾದರೂ ನೋಡಬಹುದು. ಅದು ಬಯಲಲ್ಲಿರುವುದೇ ಸರಿ. ಅದೇ ರೈತರ ಆಧಾರ್, ಬ್ಯಾಂಕ್ ಖಾತೆ, ಜಾತಿಯ ವಿವರಗಳು ಮಾತ್ರ ಪರಿಹಾರ, ಸಬ್ಸಿಡಿಗಳ ಪಟ್ಟಿ ಸೇರಿದಾಗ ಗುಟ್ಟಾಗಿರಬೇಕು. ಇದಕ್ಕೆಂದೇ ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ‘ಎಇಎಸ್ ಎನ್‌ಕ್ರಿಪ್ಟ್’ ಎಂಬ ಸಿದ್ಧ ಫಂಕ್ಷನ್ ಇದೆ. ಪಠ್ಯವನ್ನೂ ಕೀಲಿಯನ್ನೂ ಕೊಟ್ಟರೆ ಗೂಢಲಿಪಿ ಕೈಗೆ ಬರುತ್ತದೆ. ಇಷ್ಟಕ್ಕೇ ಮಾಹಿತಿ ಭದ್ರವಾಯಿತೆಂದು ನೆಮ್ಮದಿಯಾಗುವುದು ತಪ್ಪು.

ಎಇಎಸ್ ವಿಧಾನದಲ್ಲಿ ಕೊರತೆಯಿಲ್ಲ. ಬೆಲ್ಜಿಯಂನ ಇಬ್ಬರು ತಜ್ಞರು ರೂಪಿಸಿದ ಇದನ್ನು 2001ರಲ್ಲಿ ಅಮೆರಿಕ ತನ್ನ ಮಾನಕವಾಗಿ ಒಪ್ಪಿತು; ಸರಿಯಾಗಿ ಬಳಸಿದರೆ ಇದನ್ನು ಮುರಿಯುವ ಕಾರ್ಯಸಾಧ್ಯ ದಾರಿ ಇಂದಿಗೂ ಸಿಕ್ಕಿಲ್ಲ. ಅದು ಪಠ್ಯವನ್ನು 16 ಬೈಟ್‌ಗಳ ತುಂಡುಗಳಾಗಿ ಕಲಸುತ್ತದೆ. ‘ವೈದ್ಯನಾಥಪುರ’ ಎಂಬ ಹೆಸರಿಗೆ ಯುಟಿಎಫ್-8ರಲ್ಲಿ 11 ಸಂಕೇತ, ತಲಾ 3ರಂತೆ 33 ಬೈಟ್. ಅದರ ಗೂಢಲಿಪಿ 48 ಬೈಟ್. ಇಂಗ್ಲಿಷಿನಲ್ಲಿ 15 ಅಕ್ಷರಗಳಲ್ಲಿ ಬರೆದರೆ 16 ಬೈಟೇ ಸಾಕು. ಇಂಗ್ಲಿಷಿನ ಲೆಕ್ಕ ಹಿಡಿದು ಕಾಲಂ ಅಳತೆ ಇಟ್ಟವರಿಗೆ ಕನ್ನಡದ ದಾಖಲೆ ಒಂದೋ ಸೇರುವುದಿಲ್ಲ, ಇಲ್ಲವೇ ಬಾಲ ಕತ್ತರಿಸಿ ಸೇರುತ್ತದೆ. ಹಾಗೆ ಕತ್ತರಿಸಿದ್ದನ್ನು ಮರಳಿ ಬಿಡಿಸಲಾಗದು. ಇದಕ್ಕಿಂತ ದೊಡ್ಡ ತೊಂದರೆ ಫಂಕ್ಷನ್ ತಾನಾಗಿ ಆರಿಸಿಕೊಳ್ಳುವ ಕ್ರಮದ್ದು. ಅದರಲ್ಲಿ ಒಂದೇ ಕೀಲಿಗೆ, ಒಂದೇ ಪದಕ್ಕೆ ಪ್ರತಿಸಲವೂ ಅದೇ ಗೂಢಲಿಪಿ. ಜಾತಿಯ ಕಾಲಂ ಹೀಗೆ ಮುಚ್ಚಿದರೆ ಒಂದೇ ಜಾತಿಯವರೆಲ್ಲರ ಮುಂದೆ ಒಂದೇ ಸಾಲು ಬಂದು ನಿಲ್ಲುತ್ತದೆ. ಊರು ಬಲ್ಲವರು ಯಾವ ಸಾಲು ಎಷ್ಟು ಸಲ ಬಂದಿದೆಯೆಂದು ಎಣಿಸಿದರೆ ಸಾಕು, ಕೀಲಿಯೇ ಬೇಡ. ಸಿಬಿಸಿ ಕ್ರಮಕ್ಕೆ ಬದಲಿಸಿ, ಪ್ರತಿ ದಾಖಲೆಗೂ ಹೊಸ ಯಾದೃಚ್ಛಿಕ ಆರಂಭಮೌಲ್ಯ ಕೊಟ್ಟರೆ ಈ ಹೋಲಿಕೆ ಅಳಿಯುತ್ತದೆ.

ಆಗ ಖಾತೆ ಸಂಖ್ಯೆ ಹಿಡಿದು ಹುಡುಕುವುದು ಹೇಗೆಂಬ ಆಕ್ಷೇಪ ನ್ಯಾಯವಾದದ್ದೇ. ಬೇರೊಂದು ಗುಪ್ತ ಕೀಲಿಯಿಂದ ಮಾಡಿದ ಹ್ಯಾಶ್ ಅನ್ನು, ಅಂದರೆ ಮರಳಿ ಬಿಡಿಸಲಾಗದ ಗುರುತನ್ನು, ಪಕ್ಕದ ಕಾಲಂನಲ್ಲಿ ಇಟ್ಟರೆ ಹುಡುಕಬಹುದು. ಇಡೀ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಿದ ಮೇಲೆ ಇದೆಲ್ಲ ಏಕೆ ಎನ್ನುವವರೂ ಇದ್ದಾರೆ. ಡಿಸ್ಕ್ ಕಳುವಾದಾಗ ಅದು ಕಾಯುತ್ತದೆ, ಪಾಸ್‌ವರ್ಡ್ ಕದ್ದು ಒಳಹೊಕ್ಕವರಿಗೆ ಎಲ್ಲವನ್ನೂ ಬಿಡಿಸಿ ಕೊಡುತ್ತದೆ. ಸಿದ್ಧ ಫಂಕ್ಷನ್ನಿಗೂ ಇಂಥದೇ ಮಿತಿಯಿದೆ: ಆದೇಶದ ಸಾಲಿನಲ್ಲೇ ಬರೆದ ಕೀಲಿ ಸರ್ವರಿನ ಲಾಗ್‌ನಲ್ಲಿ ಉಳಿದುಬಿಡಬಹುದು. ಆದ್ದರಿಂದ ಕೀಲಿ ಬೇರೆಡೆ ಇರಬೇಕು. 2017ರಲ್ಲಿ ಆಧಾರ್ ಪ್ರಾಧಿಕಾರವೂ ಸಂಖ್ಯೆಗಳನ್ನು ಪ್ರತ್ಯೇಕ ಭಂಡಾರದಲ್ಲಿ ಗೂಢಲಿಪಿಯಾಗಿ ಇಟ್ಟು, ಕೀಲಿಗಳನ್ನು ಅದಕ್ಕೆಂದೇ ಇರುವ ಯಂತ್ರಾಂಶದಲ್ಲಿ ಇಡಬೇಕೆಂದು ವಿಧಿಸಿತು. ಕೀಲಿ ಕಳೆದರೆ ಮಾಹಿತಿಯೂ ಹೋಯಿತೆಂಬ ಭಯ ನಿಜ. ಅದಕ್ಕೆ ಕೀಲಿಯ ಪ್ರತಿಯೊಂದು ಇರಲೇಬೇಕು, ಆದರೆ ಡೇಟಾಬೇಸಿನ ಬ್ಯಾಕಪ್ ಇರುವಲ್ಲಿ ಅಲ್ಲ.