ಕ್ಯಾರೆಟ್ ಬೇರೆ, ಅದರ ಗುಳಿಗೆ ಬೇರೆ

ನಲವತ್ತೈದು ದಾಟಿದ ಗಂಡಸರಿರುವ ಎಷ್ಟೋ ಮನೆಗಳ ಫ್ರಿಜ್ಜಿನ ಮೇಲೆ ಈಗ ಡಬ್ಬಗಳ ಸಾಲು: ಮಲ್ಟಿವಿಟಮಿನ್, ಮೀನೆಣ್ಣೆ, ಅಶ್ವಗಂಧ, ಪ್ರೋಟೀನ್ ಪುಡಿ. ಬಿ.ಪಿ. ಮಾತ್ರೆ ಮರೆಯುವವರೂ ಇವನ್ನು ಮರೆಯುವುದಿಲ್ಲ. 'ಒಳ್ಳೇದಾಗದಿದ್ರೂ ಕೆಟ್ಟದ್ದಂತೂ ಆಗಲ್ಲವಲ್ಲ' ಎನ್ನುವುದು ಅವರ ಧೈರ್ಯ. ಆ ಧೈರ್ಯವನ್ನು ವಿಜ್ಞಾನಿಗಳು ಹೆಚ್ಚುಕಡಿಮೆ ಇದೇ ವಯಸ್ಸಿನ ಗಂಡಸರಲ್ಲೇ ಒರೆಗೆ ಹಚ್ಚಿ ನೋಡಿದ್ದಾರೆ.

ಹಣ್ಣು ತರಕಾರಿ ಚೆನ್ನಾಗಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ, ಅವರ ರಕ್ತದಲ್ಲಿ ಕ್ಯಾರೆಟ್ಟಿನಂಥವುಗಳಲ್ಲಿರುವ ಬೀಟಾ ಕೆರೋಟಿನ್ ಹೆಚ್ಚು ಎಂಬುದು 1980ರ ದಶಕಕ್ಕೇ ಗೊತ್ತಿತ್ತು. ಹಾಗಾದರೆ ಕ್ಯಾರೆಟ್ಟಿನ ಗೊಡವೆಯೇಕೆ, ಸಾರವನ್ನೇ ಕೊಟ್ಟರಾಯಿತು! ಫಿನ್ಲೆಂಡಿನಲ್ಲಿ 50ರಿಂದ 69 ವರ್ಷದ, ಸಿಗರೇಟು ಸೇದುವ 29,133 ಗಂಡಸರನ್ನು ಗುಂಪು ಮಾಡಿ, ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕೆರೋಟಿನ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಹುಸಿಗುಳಿಗೆ ಕೊಟ್ಟರು. 1994ರಲ್ಲಿ ಲೆಕ್ಕ ಹಾಕಿದಾಗ ಬೀಟಾ ಕೆರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದ್ದೇ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಫಿನ್ಲೆಂಡಿನ ಲೆಕ್ಕದಲ್ಲಿ ಒಂದು ಆಸೆಯ ಎಳೆಯೂ ಇತ್ತು. ವಿಟಮಿನ್ ಇ ನುಂಗಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಸುಮಾರು ಮೂರನೇ ಒಂದು ಪಾಲು ಕಡಿಮೆ. ಅದನ್ನೇ ನೆಚ್ಚಿ 2001ರಲ್ಲಿ ಅಮೆರಿಕ, ಕೆನಡಾಗಳಲ್ಲಿ 35,000ಕ್ಕೂ ಹೆಚ್ಚು ಗಂಡಸರ ಮೇಲೆ 'ಸೆಲೆಕ್ಟ್' ಪ್ರಯೋಗ ಶುರುವಾಯಿತು. ಉಪಯೋಗ ಕಾಣಲಿಲ್ಲವೆಂದು 2008ರಲ್ಲಿ ಗುಳಿಗೆ ನಿಲ್ಲಿಸಿದರು. 2011ರ ಹೊತ್ತಿಗೆ ವಿಟಮಿನ್ ಇ ಗುಂಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚಿರುವುದು ಕಂಡಿತು. ಗುಳಿಗೆ ಬಿಟ್ಟ ಮೇಲೂ!

ಕಾರಣ ಪೂರ್ತಿ ಬಗೆಹರಿದಿಲ್ಲ. ಜಾಹೀರಾತುಗಳು ಜೀವಕೋಶ ಕೆಡಿಸುವ ಶತ್ರುಗಳೆಂದು ತೋರಿಸುವ ಫ್ರೀ ರ‍್ಯಾಡಿಕಲ್‌ಗಳನ್ನು ನಮ್ಮ ದೇಹ ರೋಗಾಣುಗಳನ್ನು ಕೊಲ್ಲಲು, ಜೀವಕೋಶಗಳ ನಡುವೆ ಸಂದೇಶ ಸಾಗಿಸಲು ತಾನೇ ಬಳಸಿಕೊಳ್ಳುತ್ತದೆ. ಬೀಟಾ ಕೆರೋಟಿನ್, ವಿಟಮಿನ್ ಇಯಂಥ ಗುಳಿಗೆಗಳಿಂದ ಅವನ್ನು ಪೂರ್ತಿ ಅಳಿಸಹೊರಟರೆ ಆ ಕೆಲಸಗಳೂ ಏರುಪೇರಾಗಬಹುದು ಎಂಬುದು ಒಂದು ವಿವರಣೆ.

ನಮ್ಮಲ್ಲಿ ಹೆಚ್ಚು ಎಚ್ಚರ ಬೇಕಿರುವುದು ವಿಟಮಿನ್ ಡಿ ವಿಷಯದಲ್ಲಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಪುಟ್ಟ ಸ್ಯಾಶೆಯ ಮೇಲೆ 60,000 ಐ.ಯು. ಎಂದು ಅಚ್ಚಾಗಿರುತ್ತದೆ. ದಿನಕ್ಕೆ ಬೇಕಾದದ್ದು ಸುಮಾರು 600. ಅಂದರೆ ಒಂದು ಪೊಟ್ಟಣದಲ್ಲಿ ನೂರು ದಿನದ ಪಡಿ. ಕೊರತೆ ಇದ್ದವರಿಗೆ ವೈದ್ಯರು ವಾರಕ್ಕೊಂದರಂತೆ ಕೆಲವು ವಾರ ಬರೆಯುತ್ತಾರೆ. ಅದನ್ನು ದಿನಕ್ಕೊಂದು ಎಂದುಕೊಂಡವರೂ ಇದ್ದಾರೆ, ಹಳೇ ಚೀಟಿ ತೋರಿಸಿ ತಿಂಗಳುಗಟ್ಟಲೆ ಕೊಂಡವರೂ ಇದ್ದಾರೆ. ಇದು ಮೂತ್ರದಲ್ಲಿ ಹರಿದುಹೋಗುವ ವಿಟಮಿನ್ ಅಲ್ಲ, ಕೊಬ್ಬಿನಲ್ಲಿ ಕೂತುಬಿಡುತ್ತದೆ. ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬಾಯಾರಿಕೆ, ಮಲಬದ್ಧತೆ, ವಾಂತಿ, ಮಂಕು. ಕೊನೆಗೆ ಕಿಡ್ನಿಗೂ ಪೆಟ್ಟು.

ಎಲ್ಲ ಗುಳಿಗೆಯೂ ದಂಡವಲ್ಲ. ವರ್ಷಾನುಗಟ್ಟಲೆ ಮೆಟ್‌ಫಾರ್ಮಿನ್ ನುಂಗುವ ಸಸ್ಯಾಹಾರಿ ಸಕ್ಕರೆ ಕಾಯಿಲೆಯವರಿಗೆ ಬಿ12 ನಿಜಕ್ಕೂ ಬೇಕಾಗಬಹುದು. ಪಾದದ ಜೋಮಿಗೆ ಅದರ ಕೊರತೆಯೂ ಕಾರಣವಿರಬಹುದು. ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ.

ಆ ಪರೀಕ್ಷೆಯನ್ನೂ ಅಡ್ಡದಾರಿಗೆಳೆಯುವ ಗುಳಿಗೆಯೊಂದಿದೆ: ಕೂದಲು ಉದುರದಿರಲೆಂದು ನುಂಗುವ ಬಯೋಟಿನ್. ಹಲವು ಪರೀಕ್ಷಾ ಕಿಟ್‌ಗಳು ಬಯೋಟಿನ್ನಿನ ಅಂಟುಗುಣವನ್ನೇ ನೆಚ್ಚಿ ಕೆಲಸ ಮಾಡುತ್ತವೆ. ರಕ್ತದಲ್ಲಿ ಅದು ವಿಪರೀತವಿದ್ದರೆ ಥೈರಾಯ್ಡ್ ಲೆಕ್ಕ ತಪ್ಪುತ್ತದೆ, ಹೃದಯಾಘಾತ ಪತ್ತೆಹಚ್ಚುವ ಟ್ರೋಪೋನಿನ್ ಇರುವುದಕ್ಕಿಂತ ಕಡಿಮೆ ತೋರಬಹುದು. ಎದೆನೋವೆಂದು ಬಂದವರನ್ನು ಡಾಕ್ಟರು 'ಯಾವ ಮಾತ್ರೆ ತಗೋತೀರಿ?' ಎಂದು ಕೇಳಿದರೆ ಬಿ.ಪಿ., ಶುಗರ್ ಮಾತ್ರೆಗಳ ಹೆಸರು ಹೇಳುತ್ತಾರೆ. ಕೂದಲಿನ ಗುಳಿಗೆ ಅವರ ಲೆಕ್ಕದಲ್ಲಿ ಮಾತ್ರೆಯೇ ಅಲ್ಲ.