ಲ್ಯಾಬ್ ಇಲ್ಲದ ಕಾಲದಲ್ಲಿ ಕಲಬೆರಕೆ ಪತ್ತೆ ಹೇಗೆ?

ಹಾಲಿಗೆ ನೀರು, ಮದ್ದಿಗೆ ಬೇರೆ ಗಿಡದ ರಸ. ಕಲಬೆರಕೆ ಇವತ್ತು ನಿನ್ನೆಯದಲ್ಲ. 12ನೇ ಶತಮಾನದ ಸಿರಿಯಾದಲ್ಲಿ ಅಲ್-ಶೈಝರಿ ಎಂಬವರು ಮಾರುಕಟ್ಟೆ ತಪಾಸಣೆಗೆಂದೇ ಅರಬಿಯಲ್ಲಿ ಕೈಪಿಡಿ ಬರೆದಿದ್ದರು. ತೂಕ, ಅಳತೆ, ಸರಕು ಪರಿಶೀಲಿಸುವ ಅಧಿಕಾರಿಗೆ 'ಮುಹ್ತಸಿಬ್' ಎಂದು ಹೆಸರು.

ಅದರಲ್ಲಿರುವ ಉಪಾಯಗಳು ಸರಳ. ಹಾಲಿಗೆ ಕೂದಲು ಅದ್ದಿ ತೆಗೆಯಬೇಕು. ಹಾಲು ಹನಿಹನಿಯಾಗಿ ಅಂಟಿದರೆ ಶುದ್ಧ. ಅಂಟದಿದ್ದರೆ ನೀರು ಬೆರೆಸಿದ್ದಾರೆ ಎಂದರ್ಥ. ಅಫೀಮು ಆಗ ಔಷಧಿ. ಅದಕ್ಕೆ 'ಮಾಮೀಸಾ' ಗಿಡದ ರಸ ಬೆರೆಸಿದ್ದರೆ, ನೀರಲ್ಲಿ ಕರಗಿಸಿದಾಗ ಕೇಸರಿಯಂಥ ವಾಸನೆ ಬರುತ್ತದೆ.

ಎಲ್ಲ ಕಸುಬೂ ಒಬ್ಬನಿಗೆ ಗೊತ್ತಿರುವುದಿಲ್ಲ ತಾನೇ? ಹಾಗಾಗಿ ಪ್ರತಿ ಕಸುಬಿನಿಂದಲೂ ನಂಬಿಗಸ್ತನಾದ ಒಬ್ಬ 'ಅರೀಫ್'ನನ್ನು ನೇಮಿಸಬೇಕೆಂದು ಕೈಪಿಡಿ ಹೇಳುತ್ತದೆ. ವ್ಯಾಪಾರದ ಮೋಸ ವ್ಯಾಪಾರಿಗೇ ಮೊದಲು ತಿಳಿಯುವುದು.

ಆದರೆ ಹಾಲಲ್ಲಿ ಯೂರಿಯಾ ಇದ್ದರೆ ಕೂದಲಿಗೆ ಗೊತ್ತಾಗದು. ಮಾತ್ರೆಯಲ್ಲಿ ಮದ್ದೇ ಇಲ್ಲದಿದ್ದರೆ ಮೂಗಿಗೂ ತಿಳಿಯದು. ಅದಕ್ಕೆ ಲ್ಯಾಬೇ ಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ, ಖರೀದಿಸುವಾಗಲೇ ಅಂಗಡಿಯವರಿಗೆ ತಿಳಿಸಿ, ಶುಲ್ಕ ಕಟ್ಟಿ, ಯಾವ ಗಿರಾಕಿಯೂ ಆಹಾರದ ಪರೀಕ್ಷೆ ಮಾಡಿಸಬಹುದು. ದೋಷ ಸಾಬೀತಾದರೆ ಶುಲ್ಕ ವಾಪಸ್. ಮುಹ್ತಸಿಬ್ ಬರಲಿ ಎಂದು ಕಾಯುತ್ತಾ ಕೂರಬೇಕಿಲ್ಲ.